ಗೌರಿ ದೊಡ್ಡಮ್ಮನ ಧ್ವನಿ

ಬನಶಂಕರಿ ಮೆಟ್ರೋ ಮೆಟ್ಟಿಲು ಇಳಿದು ಬಸ್ ನಿಲ್ದಾಣದ ಕಡೆ ತಿರುಗಿದರೆ ಒಬ್ಬಾಕೆ ತಳ್ಳುಗಾಡಿಯಲ್ಲಿ ಮುಸುಕಿನ ಜೋಳ ಸುಡುತ್ತಾ ನಿಂತಿರುತ್ತಾಳೆ. ಕೆಂಡದ ಮೇಲೆ ತೆನೆ ಹೊರಳಿದಂತೆ ಕಾಳು ಚಟಚಟ ಅನ್ನುತ್ತದೆ, ಹಸಿ ಹಾಲಿನ ವಾಸನೆ ನಿಧಾನಕ್ಕೆ ಕಮರು ಸಿಹಿಗೆ ತಿರುಗುತ್ತದೆ, ಆಮೇಲೆ ಉಪ್ಪುಖಾರ ಅದ್ದಿದ ನಿಂಬೆಹೋಳು ಅದರ ಮೇಲೆ ಆಡಿದಾಗ ದಾರಿಯಲ್ಲಿ ಹೋಗುವವರ ಬಾಯಲ್ಲೆಲ್ಲ ನೀರು. ಎಲ್ಲರಿಗೂ ಆ ವಾಸನೆಗೆ ಮಳೆಗಾಲ ನೆನಪಾಗುತ್ತದೆ. ನನಗೆ ಅಮೆರಿಕ ನೆನಪಾಗುತ್ತದೆ. ಅಮೆರಿಕ ನಾನು ನೋಡಿದವಳಲ್ಲ. ಆದರೆ ನಮ್ಮ ಗೌರಿ ದೊಡ್ಡಮ್ಮ ಹುಟ್ಟಿದ್ದು ಅಯೋವಾ ಅನ್ನುವ ಸೀಮೆಯಲ್ಲಿ, ಸುತ್ತ ಕಣ್ಣು ಹಾಯುವವರೆಗೂ ಇದೇ ಜೋಳ ಬೆಳೆಯುವ ಒಂದು ಒಂಟಿ ಮನೆಯಲ್ಲಿ. ಜಯನಗರದ ಕಾಂಪ್ಲೆಕ್ಸಿನ ಮುಂದೆ ನಿಂತು, ಮೊಳಕೈಗೆ ಸೀರೆ ಸೆರಗು ಸುತ್ತಿಕೊಂಡು, ಬಿಸಿ ತೆನೆಯನ್ನು ಕೈಯಿಂದ ಕೈಗೆ ಹಾರಿಸುತ್ತಾ ಆಕೆ ಹೇಳುತ್ತಿದ್ದಳು, "ನೋಡೇ ಸುಮಿ, ಇದರಿಂದ ತಪ್ಪಿಸಿಕೊಳ್ಳೋಕೆ ಅಂತ ಮನೆ ಬಿಟ್ಟು ಓಡಿದೆ. ಹಾಳಾದ್ದು, ಇಲ್ಲೀತನಕ ಬಂದಿದೆ."

ನಮ್ಮ ದೊಡ್ಡಮ್ಮ ಅಮೆರಿಕದ ಸಿನಿಮಾ ನಟಿ. ಈ ವಾಕ್ಯವನ್ನು ಜೀವನದಲ್ಲಿ ಎಷ್ಟು ಜನಕ್ಕೆ ಹೇಳಿದ್ದೇನೋ ಅಷ್ಟು ಜನವೂ ಮೊದಲು ನಕ್ಕಿದ್ದಾರೆ, ಆಮೇಲೆ ಹೆಸರು ಕೇಳಿದ್ದಾರೆ, ಹೆಸರು ಹೇಳಿದರೆ "ಕೇಳೇ ಇಲ್ವಲ್ಲ" ಎಂದು ಮಾತು ಬದಲಾಯಿಸಿದ್ದಾರೆ. ಅವರದು ತಪ್ಪಿಲ್ಲ. ಅವಳ ಹೆಸರು ಕೇಳಿದವರು ಅವಳ ಊರಲ್ಲೂ ಹೆಚ್ಚು ಜನ ಇಲ್ಲ. ಇಂಟರ್‌ನೆಟ್ಟಿನಲ್ಲಿ ಹುಡುಕಿದರೆ ಒಂದು ಪುಟ ಸಿಗುತ್ತದೆ. ಅದರಲ್ಲಿ ಕೆಲವು ಸಾಲು, ಪಕ್ಕದಲ್ಲಿ ಒಂದು ಫೋಟೋ. ಆ ಫೋಟೋದಲ್ಲಿರುವುದು ಬೇರೆ ಯಾರೋ ಹೆಂಗಸು. ಸರಿ ಮಾಡಿ ಎಂದು ಬರೆದೆ, ಒಂದಲ್ಲ ಹತ್ತು ಸಲ. ಆಧಾರ ಕೊಡಿ ಎಂದರು. ನಮ್ಮ ಮನೆಯ ಗೋಡೆಯ ಮೇಲಿದ್ದ ಫೋಟೋ ಕಳಿಸಿದೆ. ಅದು ಪ್ರಕಟವಾದ ಆಧಾರವಲ್ಲ ಎಂದರು. ಈಗಲೂ ಆ ಪುಟದಲ್ಲಿ ಯಾವಳೋ ಪುಣ್ಯಾತ್ಗಿತ್ತಿ ನಮ್ಮ ದೊಡ್ಡಮ್ಮನ ಹೆಸರಿಟ್ಟುಕೊಂಡು ನಗುತ್ತಿದ್ದಾಳೆ.

ಹೆಸರಿನದ್ದೇ ಒಂದು ಕಥೆ. ಅಪ್ಪ ಅಮ್ಮ ಇಟ್ಟದ್ದು ಎಡ್ನಾ. ಹತ್ತೊಂಬತ್ತಕ್ಕೆ ಮನೆ ಬಿಟ್ಟು ಸಿನಿಮಾ ಊರಿಗೆ ಹೋದಾಗ, ಒಂದು ಸ್ಟುಡಿಯೋದವರು ಒಪ್ಪಂದಕ್ಕೆ ಸಹಿ ಹಾಕಿಸಿಕೊಂಡು, ಎಡ್ನಾ ಅನ್ನುವುದು ಹಾಲು ಕರೆಯುವವಳ ಹೆಸರು ಎಂದು ಕೋರಾ ಮಾಡಿದರು. ನಮ್ಮ ದೊಡ್ಡಪ್ಪ ಕ್ಯಾಲಿಫೋರ್ನಿಯಾದಲ್ಲಿ ಎಂಜಿನಿಯರಿಂಗ್ ಓದುತ್ತಿದ್ದವರು ಆಕೆಯನ್ನು ಮದುವೆಯಾಗಿ ಜಯನಗರದ ಮನೆಗೆ ಕರೆತಂದಾಗ, ಬಾಗಿಲಲ್ಲಿ ಆರತಿ ತಟ್ಟೆ ಹಿಡಿದಿದ್ದ ಅಜ್ಜಿ ಹೆಸರು ಕೇಳಿ ಬೆಚ್ಚಿದರಂತೆ. "ಕೋರಾನಾ? ಕೋರಾ ಬಟ್ಟೆ ಅಂದಂಗಿದೆಯಲ್ಲೋ, ಹೆಣಕ್ಕೆ ಹೊದಿಸೋ ಬಟ್ಟೆ! ಮುತ್ತೈದೆಗೆ ಇಡೋ ಹೆಸರೇನೋ ಅದು? ಗೌರಿ ಅನ್ನು." ಹಾಗೆ ಹೊಸ್ತಿಲು ದಾಟುವಷ್ಟರಲ್ಲಿ ಆಕೆ ಗೌರಿಯಾದಳು. ಮೂರು ಹೆಸರಲ್ಲಿ ಯಾವುದು ಇಷ್ಟ ಎಂದು ಒಮ್ಮೆ ಕೇಳಿದ್ದೆ. ಯೋಚನೆ ಮಾಡಿ ಹೇಳಿದ್ದಳು, "ಮೊದಲನೇದು ಕೂಗಿದ್ರೆ ಕೆಲಸ ಇದೆ ಅಂತ ಅರ್ಥ. ಎರಡನೇದು ಕೂಗಿದ್ರೆ ಕಾಯಬೇಕು ಅಂತ ಅರ್ಥ. ನಿಮ್ಮಜ್ಜಿ ಗೌರೀ ಅಂದ್ರೆ ಊಟಕ್ಕೆ ಬಾ ಅಂತ ಅರ್ಥ."

ಆ ಮನೆ ಈಗಿಲ್ಲ. ಅದರ ಜಾಗದಲ್ಲಿ ನಾಲ್ಕು ಮಹಡಿಯ ಅಪಾರ್ಟ್‌ಮೆಂಟ್ ಬಂದಿದೆ. ಆದರೆ ಕಣ್ಣು ಮುಚ್ಚಿದರೆ ಕೆಂಪು ಗಾರೆನೆಲದ ತಂಪು ಈಗಲೂ ಅಂಗಾಲಿಗೆ ತಾಗುತ್ತದೆ. ಮುಂದೆ ವೆರಾಂಡ, ವೆರಾಂಡದ ಕಂಬಕ್ಕೆ ಹಬ್ಬಿದ ಮಲ್ಲಿಗೆ ಬಳ್ಳಿ, ಒಳಗೆ ನಡುಮನೆ, ಅದರಾಚೆ ಅಡಿಗೆಮನೆ. ಅಜ್ಜಿ ಮಡಿಯ ಹೆಂಗಸು. ಅಡಿಗೆಮನೆಗೆ ಬರಬೇಡ ಎಂದು ದೊಡ್ಡಮ್ಮನಿಗೆ ಹೇಳಲಿಲ್ಲ, ಬಾ ಎಂದೂ ಹೇಳಲಿಲ್ಲ. ದೊಡ್ಡಮ್ಮ ತಾನೇ ಲೆಕ್ಕ ಹಾಕಿ ಹೊಸ್ತಿಲಿನ ಈಚೆಗೆ ಒಂದು ಮಣೆ ಹಾಕಿಕೊಂಡು ಕೂತಳು. ಹುರುಳಿಕಾಯಿ ಸೋಸಿದಳು, ಕೊತ್ತಂಬರಿ ಬಿಡಿಸಿದಳು, ಅವರೆಕಾಯಿ ಕಾಲದಲ್ಲಿ ನೆನೆಸಿದ ಕಾಳನ್ನು ಬೆರಳ ತುದಿಯಲ್ಲಿ ಪಿಚಕ್ಕನೆ ಹಿತುಕಿ ಬೇಳೆ ಗುಡ್ಡೆ ಹಾಕಿದಳು. ಒಳಗಿಂದ ಅಜ್ಜಿ ಮಾತಾಡುವುದು, ಹೊರಗಿಂದ ಇವಳು ಅದನ್ನೇ ತಿರುಗಿ ಹೇಳುವುದು. ಹೀಗೆ ವರ್ಷಗಟ್ಟಲೆ ಆ ಹೊಸ್ತಿಲ ಮೇಲೆ ಕಲಿತ ಕನ್ನಡ ಅದು. ಅದು ಪುಸ್ತಕದ ಕನ್ನಡವಲ್ಲ, ಬೀದಿಯ ಕನ್ನಡವೂ ಅಲ್ಲ, ಅಚ್ಚು ನಮ್ಮಜ್ಜಿಯ ಕನ್ನಡ. "ಅಯ್ಯೋ ನನ್ನ ಕರ್ಮವೇ," "ಥೂ ಅನಿಷ್ಟ ಮುಂಡೇದೇ," "ಅದೇನ್ ವೈಭೋಗವೋ ಕಾಣೆ" ಎಲ್ಲವೂ ಆ ನೀಲಿಕಣ್ಣಿನ ಹೆಂಗಸಿನ ಬಾಯಲ್ಲಿ ಎಲ್ಲಿ ಬರಬೇಕೋ ಅಲ್ಲೇ ಬರುತ್ತಿತ್ತು. ಲಕಾರ ಳಕಾರ ಬೇರೆ ಮಾಡಲು ಮಾತ್ರ ಬಹಳ ದಿನ ಹಿಡಿಯಿತಂತೆ. "ಬಾಳೆಹಣ್ಣು, ಹಳೇ ಬಾಗಿಲು, ಕೊಳದಪ್ಪಲೆ ಮುಚ್ಚಳ" ಎಂದು ಅಜ್ಜಿ ಪಾಠ ಮಾಡಿದ್ದನ್ನು ನಮ್ಮಮ್ಮ ನಗುತ್ತಾ ನೆನೆಸಿಕೊಳ್ಳುತ್ತಿದ್ದರು.

ಧ್ವನಿಯ ವಿಷಯ ಹೇಳಬೇಕು, ಆದರೆ ಹೇಗೆ ಹೇಳಲಿ? ಕಟ್ಟಿಗೆಯ ಒಲೆಯಲ್ಲಿ ಕಾಯಿಸಿದ ಹಾಲಿಗೆ ಒಂದು ಹೊಗೆಯ ರುಚಿ ಇರುತ್ತದಲ್ಲ, ಆ ಥರ. ತಗ್ಗಿದ ದನಿ, ತುಸು ಒರಟು, ಆದರೆ ಮನೆಯ ಹಿತ್ತಲಲ್ಲಿ ನಿಂತು ಮಾಮೂಲಾಗಿ ಮಾತಾಡಿದರೂ ಗೇಟಿನವರೆಗೂ ಅಕ್ಷರ ಅಕ್ಷರ ಕೇಳಿಸುತ್ತಿತ್ತು. ಕೂಗಿದ್ದನ್ನು ನಾನು ಕೇಳಿಲ್ಲ. "ದನಿ ಗಂಟಲಿಂದ ಅಲ್ಲ ಕಣೇ, ಇಲ್ಲಿಂದ" ಎಂದು ನನ್ನ ಪಕ್ಕೆಲುಬಿನ ಕೆಳಗೆ ಬೆರಳಿಟ್ಟು ತೋರಿಸುತ್ತಿದ್ದಳು. ದೊಡ್ಡಪ್ಪ ಅಮೆರಿಕದಿಂದ ಒಂದು ಸ್ಪೂಲ್ ಟೇಪ್‌ರೆಕಾರ್ಡರ್ ತಂದಿದ್ದರು. ಸರ್ಕಾರಿ ಕಾರ್ಖಾನೆಯ ಕೆಲಸ ಮುಗಿಸಿ ಬಂದು ಅದರ ಮುಂದೆ ಕೂತು ಆಕಾಶವಾಣಿಯ ಸಂಗೀತ ಕಚೇರಿಗಳನ್ನು ತುಂಬಿಸಿಕೊಳ್ಳುವುದೇ ಅವರ ಸಂತೋಷ. ಹೆಂಡತಿ ಪಕ್ಕದಲ್ಲೇ ಕೂತು ಮಾತಾಡಿದರೆ "ಶ್, ಟೇಪಲ್ಲಿ ಬಂದ್ಬಿಡುತ್ತೆ" ಎನ್ನುತ್ತಿದ್ದರು. ದಿನಾ ಕೇಳುವ ಧ್ವನಿಯನ್ನು ಯಾರು ತುಂಬಿಸಿ ಇಟ್ಟುಕೊಳ್ಳುತ್ತಾರೆ?

ಸ್ಟುಡಿಯೋದ ದಿನಗಳ ಬಗ್ಗೆ ದೊಡ್ಡಮ್ಮ ಅವರೆಕಾಯಿ ಹಿತುಕುವಾಗ ಹೇಳುತ್ತಿದ್ದಳು. ಮೊದಲ ವರ್ಷಗಳಲ್ಲೆಲ್ಲ ಬಾಗಿಲು ತೆಗೆಯುವ ಪಾತ್ರಗಳಂತೆ. ನಾಯಕ ಗಂಟೆ ಬಾರಿಸುತ್ತಾನೆ, ಇವಳು ಬಾಗಿಲು ತೆಗೆದು "ಯಜಮಾನಿ ಮಹಡಿ ಮೇಲಿದ್ದಾರೆ" ಅನ್ನುತ್ತಾಳೆ. ಆಮೇಲೆ ನರ್ಸು, ಆಮೇಲೆ ಟೈಪಿಸ್ಟು, ಆಮೇಲೆ ನಾಯಕಿಯ ಗೆಳತಿ. ಹೊಲದ ಹುಡುಗಿಯ ಉಚ್ಚಾರ ಹೋಗಲಿ ಎಂದು ಸ್ಟುಡಿಯೋದವರು ಒಬ್ಬ ಮೇಷ್ಟರನ್ನು ನೇಮಿಸಿ, ಬಾಯಲ್ಲಿ ಪೆನ್ಸಿಲ್ ಕಚ್ಚಿಸಿ ಮಾತು ತಿದ್ದಿದ್ದರಂತೆ. ಪೆನ್ಸಿಲ್ ಕಚ್ಚಿ ಮಾತಾಡಿ ತೋರಿಸಿದರೆ ನಾವು ಮಕ್ಕಳು ಬಿದ್ದು ಬಿದ್ದು ನಗುತ್ತಿದ್ದೆವು. ಕೊನೆಗೆ ಒಂದು ದೊಡ್ಡ ಪಾತ್ರ ಸಿಕ್ಕಿತು, ಚಿತ್ರದ ನಾಯಕಿಯದೇ. ಅಲ್ಲಿಗೆ ಬಂದರೆ ಮಾತು ನಿಲ್ಲಿಸುತ್ತಿದ್ದಳು. "ಆಮೇಲೆ?" ಎಂದು ನಾನು ಪೀಡಿಸಿದರೆ, "ಆಮೇಲೆ ನಿಮ್ಮ ದೊಡ್ಡಪ್ಪ ಸಿಕ್ಕಿದ್ರು, ಬಂದೆ, ಅಷ್ಟೇ. ಕೈ ಆಡಿಸು, ಮಾತಲ್ಲೇ ಹೊತ್ತು ಕಳೀತೀಯ" ಎನ್ನುತ್ತಿದ್ದಳು.

ನಾನು ಮಿಡ್ಲ್ ಸ್ಕೂಲಿನಲ್ಲಿದ್ದಾಗ ಕನ್ನಡ ಸಿನಿಮಾದವರೊಬ್ಬರು ಮನೆಗೆ ಬಂದರು. ಜಯನಗರದ ತರಕಾರಿ ಮಾರ್ಕೆಟ್ಟಿನಲ್ಲಿ ದೊಡ್ಡಮ್ಮ ಬದನೆಕಾಯಿಯವನಿಗೆ "ನಿನ್ನ ಮನೆ ಹಾಳಾಗ, ಇಷ್ಟು ಹುಳ ಇರೋದನ್ನ ದೇವರಿಗೆ ಎಡೆ ಇಡೋಕಾಗುತ್ತೇನಯ್ಯಾ" ಎಂದು ಕೇಳುತ್ತಿದ್ದುದು ಅವರ ಮ್ಯಾನೇಜರನ ಕಿವಿಗೆ ಬಿದ್ದಿತ್ತಂತೆ. ಬಂದವರು ನಿರ್ದೇಶಕರು, ನಯವಾದ ಮನುಷ್ಯ, ಶರ್ಟಿನ ಜೇಬಲ್ಲಿ ಎರಡು ಪೆನ್ನು. ಅದಕ್ಕೆ ಮೊದಲೂ ಒಬ್ಬಿಬ್ಬರು ಬಂದು ಕ್ಲಬ್ಬಿನಲ್ಲಿ ಸಿಗರೇಟು ಸೇದುವ ಬಿಳಿ ಹೆಂಗಸಿನ ಪಾತ್ರ ಕೊಡುತ್ತೇವೆ ಎಂದಿದ್ದರು, ಅಜ್ಜಿ ಅವರಿಗೆ ಕಾಫಿಯನ್ನೂ ಕೊಡದೆ ಕಳಿಸಿದ್ದರು. ಇವರು ತಂದಿದ್ದು ಹಾಗಲ್ಲ. ಹಳ್ಳಿಯೊಂದರಲ್ಲಿ ಆಸ್ಪತ್ರೆ ನಡೆಸುವ ಪರದೇಶದ ಡಾಕ್ಟರು, ಅನಾಥ ಮಗುವನ್ನು ಸಾಕಿ ಬೆಳೆಸುತ್ತಾಳೆ, ಊರೇ ಆ ಮಗನನ್ನು ಓಡಿಸಲು ನಿಂತಾಗ ಜನರೆದುರು ನಿಂತು ಮಾತಾಡುತ್ತಾಳೆ. ಒಂದು ಪುಟ ಪೂರ್ತಿ ಅವಳದೇ ಮಾತು. ದೊಡ್ಡಮ್ಮ ಆ ಹಾಳೆಯನ್ನು ಇಸಿದುಕೊಂಡು, ದೊಡ್ಡಪ್ಪನಿಂದ ಓದಿಸಿ ಕೇಳಿ, "ನನ್ನ ದನೀಲೇ ತಾನೇ?" ಎಂದು ಕೇಳಿದಳು. "ಅದಕ್ಕೇ ಅಲ್ವೇನಮ್ಮಾ ನಿಮ್ಮ ಹತ್ರ ಬಂದಿರೋದು" ಎಂದರು ನಿರ್ದೇಶಕರು.

ಆಮೇಲಿನ ದಿನಗಳಲ್ಲಿ ನಮ್ಮ ಮನೆಗೆ ಮದುವೆ ಮನೆಯ ಕಳೆ. ಸ್ನಾನದ ಮನೆಯಿಂದ ಡೈಲಾಗು, ಬಟ್ಟೆ ಒಣಗಿಸುವ ತಂತಿಯ ಹತ್ತಿರ ಡೈಲಾಗು. ಅಜ್ಜಿ ಒಗ್ಗರಣೆ ಹಾಕುತ್ತಲೇ ಒಳಗಿಂದ ತಿದ್ದುತ್ತಿದ್ದರು. ಬರೆದವರು "ಎದೆಗೆ ಅಪ್ಪಿಕೊಂಡು" ಎಂದು ಬರೆದಿದ್ದರು. ಅಜ್ಜಿ ಸೌಟು ಹಿಡಿದೇ ಹೊಸ್ತಿಲಿಗೆ ಬಂದು, "ಅಪ್ಪಿಕೊಳ್ಳೋದು ಗಂಡ ಹೆಂಡ್ತಿ. ಜ್ವರ ಬಂದಿರೋ ಮಗೂನ ಅವಚಿಕೊಳ್ತಾರೆ. ಅವಚಿಕೊಂಡು ಅನ್ನು" ಎಂದರು. ದೊಡ್ಡಮ್ಮ ಅದನ್ನು ಹೇಳಿ ನೋಡಿದಳು, ಹೇಳುವಾಗ ಅವಳ ಕೈ ತಾನಾಗಿ ಎದೆಗೆ ಹೋಯಿತು. ನಿರ್ದೇಶಕರೂ ಒಪ್ಪಿದರು. ಉತ್ತರಹಳ್ಳಿ ದಾಟಿ ಸುಬ್ರಹ್ಮಣ್ಯಪುರದ ಕಡೆ ಆಗ ಬರೀ ರಾಗಿ ಹೊಲ, ಹುಣಸೆ ಮರ. ಅಲ್ಲೊಂದು ಅರಳಿಕಟ್ಟೆಯ ಮುಂದೆ ಆ ದೃಶ್ಯದ ಶೂಟಿಂಗ್. ಶಾಲೆ ತಪ್ಪಿಸಿ ನಾನೂ ಹೋಗಿದ್ದೆ. ಊರಿನವರನ್ನೇ ಗುಂಪಾಗಿ ನಿಲ್ಲಿಸಿದ್ದರು. ಬಿಳಿ ಸೀರೆ ಉಟ್ಟ ದೊಡ್ಡಮ್ಮ ಬಿಸಿಲಲ್ಲಿ ಬಂದು ನಿಂತು, ಎಲ್ಲರ ಮುಖವನ್ನೂ ನಿಧಾನಕ್ಕೆ ನೋಡಿ ಶುರು ಮಾಡಿದಳು. "ಈ ಮಗು ನಮ್ಮದಲ್ಲ ಅಂತೀರಿ. ನನ್ನದೂ ಅಲ್ಲ ಅಂತೀರಿ. ಹಾಗಾದ್ರೆ ಜ್ವರ ಇಳಿಯೋತನಕ ಎದೆಗೆ ಅವಚಿಕೊಂಡು ಕೂತಿದ್ದವಳು ಯಾರು?" ಎಲ್ಲೂ ತಡೆಯಲಿಲ್ಲ, ಎಲ್ಲೂ ಅವಸರಪಡಲಿಲ್ಲ. ಮುಗಿದ ಮೇಲೆ ನಿರ್ದೇಶಕರು ಕಟ್ ಎನ್ನುವುದನ್ನೇ ಮರೆತರು. ಗುಂಪಿನಲ್ಲಿದ್ದ ರೈತ ಹೆಂಗಸೊಬ್ಬಳು ಸೆರಗಿನಿಂದ ಕಣ್ಣು ಒರೆಸಿಕೊಂಡು, "ನಮ್ಮೋರೇ ಆಗೋದ್ರಲ್ಲವ್ವಾ" ಎಂದಳು. ವ್ಯಾನಿನಲ್ಲಿ ವಾಪಸು ಬರುವಾಗ ದೊಡ್ಡಮ್ಮ ಕಿಟಕಿಗೆ ತಲೆ ಕೊಟ್ಟು ದಾರಿಯುದ್ದಕ್ಕೂ ಏನೋ ಗುನುಗುತ್ತಿದ್ದಳು. ಅಷ್ಟು ಸುಖವಾಗಿ ಅವಳನ್ನು ನಾನು ಮತ್ತೆ ನೋಡಲಿಲ್ಲ.

ಆಗ ಧ್ವನಿಯನ್ನು ಶೂಟಿಂಗಿನ ಜಾಗದಲ್ಲಿ ಹಿಡಿಯುತ್ತಿರಲಿಲ್ಲ. ಎಲ್ಲ ಮುಗಿದ ಮೇಲೆ ಮದರಾಸಿನಲ್ಲಿ, ತೆರೆಯ ಮೇಲೆ ಚಿತ್ರ ನೋಡುತ್ತಾ ತುಟಿಗೆ ಸರಿಯಾಗಿ ಮತ್ತೆ ಮಾತಾಡಬೇಕು. "ಕರೆ ಕಳಿಸ್ತೀವಿ, ರೆಡಿಯಾಗಿರಿ" ಎಂದಿದ್ದರು. ದೊಡ್ಡಮ್ಮ ಐಸ್‌ಕ್ರೀಮ್ ಬಿಟ್ಟಳು, ಮೊಸರು ಬಿಟ್ಟಳು, ಬೆಳಿಗ್ಗೆ ಬಿಸಿನೀರಿಗೆ ಜೇನು ಹಾಕಿ ಕುಡಿದಳು. ಪೆಟ್ಟಿಗೆ ಕಟ್ಟಿ ಮಂಚದ ಕೆಳಗಿಟ್ಟಳು. ಕರೆ ಬರಲಿಲ್ಲ. ದೊಡ್ಡಪ್ಪ ಫೋನ್ ಮಾಡಿದರೆ ನಿರ್ದೇಶಕರು ಊರಲ್ಲಿಲ್ಲ, ಮ್ಯಾನೇಜರ್ ಊಟಕ್ಕೆ ಹೋಗಿದ್ದಾರೆ. ನಮ್ಮ ಬಡಾವಣೆಯ ಗೋಡೆಗಳ ಮೇಲೆ ಪೋಸ್ಟರು ಕಂಡಾಗಲೇ ಗೊತ್ತಾದದ್ದು, ಪಿಕ್ಚರ್ ತಯಾರಾಗಿಹೋಗಿದೆ ಎಂದು.

ಆದರೂ ನಾವು ಹೋದೆವು. ಮ್ಯಾಟಿನಿಗೆ, ಇಡೀ ಮನೆ, ಜೊತೆಗೆ ಅಕ್ಕಪಕ್ಕದವರು. ಸಿನಿಮಾ ಅಂದರೆ ಮೂಗು ಮುರಿಯುತ್ತಿದ್ದ ಅಜ್ಜಿ ರೇಷ್ಮೆ ಸೀರೆ ಉಟ್ಟು ದೊಡ್ಡಮ್ಮನ ಪಕ್ಕದಲ್ಲೇ ಕೂತಿದ್ದರು. ತೆರೆಯ ಮೇಲೆ ದೊಡ್ಡಮ್ಮ ಬಂದಾಗ ನಾನು ಚಪ್ಪಾಳೆ ಹೊಡೆದೆ. ಅವಳು ಬಾಯಿ ತೆರೆದಳು. ಒಳಗಿಂದ ಬಂದದ್ದು ಯಾವುದೋ ಕೀರಲು ದನಿ. "ನಾನು ನಿಮಗೆ ಔಷಡಿ ಕೊಡುಟೇನೆ!" ಥಿಯೇಟರು ಗೊಳ್ಳೆಂದು ನಕ್ಕಿತು. ಮೊದಲು ನಮಗೆ ಅರ್ಥವೇ ಆಗಲಿಲ್ಲ. ಅವಳದೇ ಮುಖ, ಅವಳದೇ ತುಟಿ, ಒಳಗೆ ಬೇರೆ ಯಾವಳೋ ಕೂತು ಅಣಕಿಸುತ್ತಿದ್ದಳು. ಕೊನೆಗೆ ಅರಳಿಕಟ್ಟೆಯ ದೃಶ್ಯ ಬಂತು. "ಎಡೆಗೆ ಅವಚಿಕೊಂಡು ಕೂಟಿಡ್ಡವಳು ಯಾರು?" ಮುಂದಿನ ಸಾಲಿನವರು ಹೊಟ್ಟೆ ಹಿಡಿದುಕೊಂಡು ನಕ್ಕರು, ಶಿಳ್ಳೆ ಹಾಕಿದರು. ಅಜ್ಜಿ ಎದ್ದು ನಿಂತರು. ಕತ್ತಲಲ್ಲಿ ಅವರ ಬಿಳಿ ತಲೆ ನಡುಗುತ್ತಿತ್ತು. "ಇದು ನಮ್ ಗೌರಿ ಅಲ್ಲ ಕಣ್ರೋ! ಅವಳು ಹಿಂಗೆ ಮಾತಾಡೋಲ್ಲ! ನಿಲ್ಲಿಸ್ರೋ ಅದನ್ನ!" ಹಿಂದಿನಿಂದ ಯಾರೋ, "ಕೂತ್ಕೊಳ್ಳಮ್ಮಾ, ಪಿಚ್ಚರ್ ನೋಡೋಕ್ ಬಿಡು" ಎಂದರು. ದೊಡ್ಡಮ್ಮ ಅಜ್ಜಿಯ ಕೈ ಹಿಡಿದು ಕೂರಿಸಿದಳು. "ಕೂತ್ಕೊಳ್ಳಿ ಅಮ್ಮ. ಮುಗಿಯೋತನಕ ನೋಡಿಯೇ ಹೋಗೋಣ." ನೋಡಿಯೇ ಬಂದೆವು. ಹೊರಗೆ ಬಿಸಿಲಿಗೆ ಬಂದಾಗ ಯಾರೋ ಹುಡುಗರು ಗುರುತು ಹಿಡಿದು "ಮೇಡಂ, ಔಷಡಿ ಕೊಡಿ" ಎಂದು ಕೂಗಿದರು.

ಮಾರನೆಯ ದಿನ ದೊಡ್ಡಮ್ಮ ದೊಡ್ಡಪ್ಪನನ್ನು ಕರೆದುಕೊಂಡು ಗಾಂಧಿನಗರದ ಆಫೀಸಿಗೆ ಹೋದಳು. ಮೂರು ರೀಲಿನ ಮಾತಷ್ಟೇ ತಾನೇ, ನಾನೇ ಬಂದು ಮತ್ತೆ ಮಾತಾಡಿ ಕೊಡುತ್ತೇನೆ ಎಂದಳಂತೆ. ಕಾಫಿ ತರಿಸಿಕೊಟ್ಟರು. ನಿರ್ದೇಶಕರು ಅವಳ ಮುಖ ನೋಡದೆ ಹೇಳಿದರಂತೆ, "ಅಮ್ಮಾ, ನನಗೂ ಬೇಜಾರೇ. ಹಂಚಿಕೆದಾರರು ಒಪ್ಪಲಿಲ್ಲ. ಬಿಳಿಯವಳು ಇಷ್ಟು ಸ್ವಚ್ಛವಾಗಿ ಕನ್ನಡ ಮಾತಾಡಿದ್ರೆ ಜನ ನಂಬೋಲ್ಲ ಅಂದ್ರು." ದೊಡ್ಡಪ್ಪ ಜೋರು ಮಾಡಹೊರಟರೆ ದೊಡ್ಡಮ್ಮನೇ ತಡೆದು ಎದ್ದು ಬಂದಳಂತೆ. ಇವತ್ತು ನನ್ನ ಫೋನಿನಲ್ಲಿ ಯಾರೋ ಪರದೇಶದ ಹುಡುಗಿ "ನಮಸ್ಕಾರ, ಊಟ ಆಯ್ತಾ" ಎಂದರೆ ಸಾಕು, ಕೆಳಗೆ ಸಾವಿರಾರು ಜನ ಸಖತ್ ಸಖತ್ ಎಂದು ಹೊಗಳುತ್ತಾರೆ. ನೋಡಿ ನನಗೆ ಖುಷಿಯಾಗಬೇಕು. ಆಗುವುದಿಲ್ಲ. ಫೋನನ್ನು ಮಗುಚಿ ಇಡುತ್ತೇನೆ.

ಆ ಬೇಸಿಗೆಯಲ್ಲಿ, ತಾರಸಿಯ ಮೇಲೆ ಸಂಡಿಗೆ ಕಾಯುತ್ತಾ ಕೂತಿದ್ದಾಗ, ದೊಡ್ಡಮ್ಮ ತಾನಾಗಿಯೇ ಆ ದೊಡ್ಡ ಪಾತ್ರದ ಕಥೆ ಪೂರ್ತಿ ಹೇಳಿದಳು. ಹೊಲದ ಮಧ್ಯೆ ಒಬ್ಬಳೇ ಬದುಕುವ ವಿಧವೆಯ ಪಾತ್ರ ಅದು. ನದಿ ಉಕ್ಕಿ ಬಂದರೂ ಜಾಗ ಬಿಡದವಳು. ಅಲ್ಲಿನ ನಿರ್ದೇಶಕ ವಯಸ್ಸಾದವನು, "ಮೇಷ್ಟರು ಕಲಿಸಿದ್ದನ್ನೆಲ್ಲ ಮರೆತುಬಿಡು, ನಿಮ್ಮಮ್ಮ ಹೇಗೆ ಮಾತಾಡ್ತಿದ್ಲೋ ಹಾಗೆ ಮಾತಾಡು" ಎಂದನಂತೆ. ಇವಳು ಹಾಗೇ ಮಾತಾಡಿದಳು. ಎಷ್ಟೋ ವರ್ಷದ ಮೇಲೆ ಸ್ವಂತ ನಾಲಿಗೆಯಲ್ಲಿ ಮಾತಾಡಿದ್ದು. ಚಿತ್ರ ಮುಗಿದ ಮೇಲೆ ಸ್ಟುಡಿಯೋದ ದೊಡ್ಡವರು ನೋಡಿದರು. ರೈತ ಹೆಂಗಸು ಹೀಗೆ ಮಾತಾಡುವುದಿಲ್ಲ, ಇದು ನಿಜ ಅನ್ನಿಸುವುದಿಲ್ಲ ಎಂದರು. ಪಟ್ಟಣದಲ್ಲಿ ಹುಟ್ಟಿದ ಇನ್ನೊಬ್ಬ ನಟಿಯನ್ನು ಕರೆಸಿ ಎಲ್ಲ ಮಾತನ್ನೂ ಅವಳಿಂದ ಹೇಳಿಸಿದರು. ಧ್ವನಿ ಮುಖಕ್ಕೆ ಹೊಂದಲಿಲ್ಲವೆಂದು ಆಮೇಲೆ ಅರ್ಧ ಪಾತ್ರವನ್ನೇ ಕತ್ತರಿಸಿದರು. ಒಪ್ಪಂದ ಮುಗಿದಾಗ ಮತ್ತೆ ಕರೆಯಲಿಲ್ಲ. "ನಮ್ಮಪ್ಪ ಪೇಟೆಗೆ ಹೋಗಿ ಆ ಪಿಕ್ಚರ್ ನೋಡಿದ್ನಂತೆ. ಬಂದು ನಮ್ಮಮ್ಮನ ಹತ್ರ ಹೇಳಿದ್ನಂತೆ, ನಮ್ಮ ಹುಡುಗೀನ ಏನೋ ಮಾಡ್ಬಿಟ್ಟಿದ್ದಾರೆ ಅಂತ." ಇಷ್ಟು ಹೇಳಿ ದೊಡ್ಡಮ್ಮ ಸಂಡಿಗೆಯನ್ನು ಒಂದೊಂದಾಗಿ ಮಗುಚತೊಡಗಿದಳು. ನಾನು ಕಾಗೆ ಓಡಿಸಿದೆ. ಅವಳ ಭಾಷೆಯಲ್ಲಿ ಅವಳು ಮಾತಾಡಿದರೆ ನಂಬಲಿಲ್ಲ, ನಮ್ಮ ಭಾಷೆಯಲ್ಲಿ ಮಾತಾಡಿದರೂ ನಂಬಲಿಲ್ಲ. ಇದಕ್ಕೆ ಯಾರ ಹತ್ತಿರ ಹೋಗಿ ಜಗಳ ಆಡುವುದು?

ಅವಳು ಅಳುತ್ತಾ ಕೂರಲಿಲ್ಲ. ಕನ್ನಡ ಓದುವುದನ್ನು ಕಲಿತಳು. ಅಜ್ಜಿಗೆ ಕಣ್ಣು ಮಂಜಾದ ಮೇಲೆ ಮಧ್ಯಾಹ್ನದ ಹೊತ್ತು ವೆರಾಂಡದಲ್ಲಿ ಕೂತು ವಾಚನಾಲಯದಿಂದ ತಂದ ಕಾದಂಬರಿಗಳನ್ನು ಓದಿ ಹೇಳುತ್ತಿದ್ದಳು. ಓದುವುದು ಎಂದರೆ ಬರೀ ಓದುವುದಲ್ಲ. ಅತ್ತೆ ಬಂದರೆ ಅತ್ತೆ, ಗೌಡ ಬಂದರೆ ಗೌಡ, ಹೆರಿಗೆ ನೋವಿನ ಹೆಂಗಸು ಬಂದರೆ ಅಕ್ಕಪಕ್ಕದ ಗರ್ಭಿಣಿಯರು ಎದ್ದು ಹೋಗುವಷ್ಟು. ಮಲ್ಲಿಗೆ ಬಳ್ಳಿಯ ನೆರಳಲ್ಲಿ ಬೀದಿಯ ಹೆಂಗಸರೆಲ್ಲ ಚಾಪೆ ಹಾಸಿಕೊಂಡು, ಹೂ ಕಟ್ಟುತ್ತಾ, ತಲೆ ಬಾಚಿಕೊಳ್ಳುತ್ತಾ ಕೇಳುತ್ತಿದ್ದರು. ಅಜ್ಜಿ ಕಣ್ಣು ಮುಚ್ಚಿ ಗೋಡೆಗೆ ಒರಗಿ, ತಪ್ಪು ಉಚ್ಚಾರ ಬಂದರೆ ಒಂದೇ ಬೆರಳು ಎತ್ತುತ್ತಿದ್ದರು. ಕೊನೆಕೊನೆಗೆ ಬೆರಳು ಎತ್ತುವ ಪ್ರಮೇಯವೇ ಬರುತ್ತಿರಲಿಲ್ಲ. ಅಜ್ಜಿ ಹೋದರು, ದೊಡ್ಡಪ್ಪ ಹೋದರು, ಓದು ನಿಲ್ಲಲಿಲ್ಲ. ದೊಡ್ಡಮ್ಮನೂ ಒಂದು ಸಂಕ್ರಾಂತಿಯ ಆಸುಪಾಸಿನಲ್ಲಿ ಎರಡು ದಿನ ಜ್ವರ ಅಂತ ಮಲಗಿದವಳು ಏಳಲಿಲ್ಲ. ಪೇಪರಿನ ಒಳಪುಟದಲ್ಲಿ ಜಯನಗರದಲ್ಲಿ ವಿದೇಶಿ ಮಹಿಳೆ ನಿಧನ ಎಂದು ಬಂತು.

ಹೋದ ವರ್ಷ ಅಮೆರಿಕದಿಂದ ನನಗೆ ಒಂದು ಇಮೇಲ್ ಬಂತು. ಹಳೆಯ ಚಿತ್ರಗಳನ್ನು ಕಾಪಾಡುವ ಸಂಸ್ಥೆಯೊಂದರ ಹೆಂಗಸು ಬರೆದಿದ್ದಳು. ನಾನು ಆ ಇಂಟರ್‌ನೆಟ್ ಪುಟದವರ ಜೊತೆ ಮಾಡಿದ ಜಗಳ ಅವಳ ಕಣ್ಣಿಗೆ ಬಿದ್ದಿತ್ತಂತೆ. ನದಿಯ ಪಕ್ಕದ ವಿಧವೆಯ ಚಿತ್ರದಲ್ಲಿ ಕತ್ತರಿಸಿ ತೆಗೆದಿದ್ದ ಭಾಗಗಳೆಲ್ಲ ಒಂದು ಉಗ್ರಾಣದಲ್ಲಿ ಸಿಕ್ಕಿವೆ, ಚಿತ್ರ ಚೆನ್ನಾಗಿದೆ, ಆದರೆ ಧ್ವನಿಯ ಸುರುಳಿ ಎಲ್ಲೂ ಇಲ್ಲ, ನಿಮ್ಮ ಮನೆಯಲ್ಲಿ ಆಕೆಯ ಧ್ವನಿ ಯಾವ ರೂಪದಲ್ಲಾದರೂ ಇದೆಯೇ, ಜನರಿಗೆ ಒಂದು ನಿಮಿಷವಾದರೂ ನಿಜವಾದ ದನಿ ಕೇಳಿಸಬೇಕು ಎಂದು ನಮಗಾಸೆ. ನಾನು ಹುಚ್ಚಿಯ ಹಾಗೆ ಹುಡುಕಿದೆ. ಕತ್ರಿಗುಪ್ಪೆಯಲ್ಲಿರುವ ನನ್ನ ತಮ್ಮನಿಗೆ ದೊಡ್ಡಪ್ಪನ ಸ್ಪೂಲುಗಳು ಎಲ್ಲಿ ಎಂದರೆ, "ಮನೆ ಒಡೆಯೋವಾಗ ಗುಜರಿಗೆ ಹೋಯ್ತಲ್ಲಕ್ಕಾ, ಫಂಗಸ್ ಹಿಡಿದಿತ್ತು, ಯಾರ್ ಇಟ್ಕೋತಾರೆ ಅದನ್ನ" ಎಂದ. ಜೋರಾಗಿ ಬೈದೆ. ಅವನು ಪಾಪ ಬೈಸಿಕೊಂಡು, ತನ್ನ ಮದುವೆಯ ವಿಡಿಯೋ ಕ್ಯಾಸೆಟ್ಟನ್ನು ಸಿಡಿ ಮಾಡಿಸಿದ್ದೇನೆ, ಅದರಲ್ಲಿ ದೊಡ್ಡಮ್ಮ ಬಹಳ ಹೊತ್ತು ಇದ್ದಾರೆ ಎಂದು ತಂದುಕೊಟ್ಟ.

ಇದ್ದಳು. ಮುಹೂರ್ತದ ಗದ್ದಲದಲ್ಲಿ, ಮಯೂರಕಂಠಿ ಬಣ್ಣದ ಸೀರೆ ಉಟ್ಟು, ನೆರೆತ ಕೂದಲಿಗೆ ಮಲ್ಲಿಗೆ ಮುಡಿದು, ಊಟದ ಸಾಲಿನಲ್ಲಿ ಯಾರಿಗೋ ಒಬ್ಬಟ್ಟು ಬಡಿಸುವಂತೆ ಗದರುತ್ತಿದ್ದಳು. ನಮ್ಮಮ್ಮನ ಭುಜ ಹಿಡಿದು ಕಿವಿಯಲ್ಲಿ ಏನೋ ಹೇಳಿ ಇಬ್ಬರೂ ನಗುತ್ತಿದ್ದರು. ಕ್ಯಾಮೆರಾ ಹತ್ತಿರ ಬಂದಾಗ ನೇರವಾಗಿ ಅದರ ಕಡೆ ತಿರುಗಿ, ತಮ್ಮನಿಗೂ ಅವನ ಹೆಂಡತಿಗೂ ಉದ್ದಕ್ಕೆ ಆಶೀರ್ವಾದದ ಮಾತು ಹೇಳಿದಳು. ಕೈ ಎತ್ತಿ, ತಲೆ ಆಡಿಸಿ, ಒಂದೊಂದು ಪದಕ್ಕೂ ತೂಕ ಕೊಟ್ಟು. ಆ ವಿಡಿಯೋದವನು ಮಾಡಿದ್ದೇನು ಗೊತ್ತೇ? ಇಡೀ ಮದುವೆಯ ಸದ್ದನ್ನು ಅಳಿಸಿ, ಮೇಲೆ ಸಿನಿಮಾ ಹಾಡು ಹಾಕಿದ್ದ. ಆಗ ಎಲ್ಲರೂ ಹಾಗೇ ಮಾಡುತ್ತಿದ್ದರು, ನಮಗೇ ಚೆಂದ ಅನ್ನಿಸುತ್ತಿತ್ತು. ದೊಡ್ಡಮ್ಮನ ತುಟಿ ಆಡುತ್ತಿದೆ, ಯಾರೋ ಗಾಯಕಿ ಪ್ರೇಮಗೀತೆ ಹಾಡುತ್ತಿದ್ದಾಳೆ. ರಿಮೋಟನ್ನು ಸೋಫಾದ ಮೇಲೆ ಎಸೆದು ಅಡಿಗೆಮನೆಗೆ ಹೋಗಿ ನಿಂತೆ. ಸಿಂಕಿನಲ್ಲಿದ್ದ ಪಾತ್ರೆಯನ್ನೆಲ್ಲ ತೊಳೆದೆ, ತೊಳೆದದ್ದನ್ನೂ ಮತ್ತೆ ತೊಳೆದೆ. ಆಮೇಲೆ ಅಮೆರಿಕದ ಹೆಂಗಸಿಗೆ, ಕ್ಷಮಿಸಿ, ನಮ್ಮಲ್ಲಿ ಏನೂ ಇಲ್ಲ ಎಂದು ಬರೆದೆ. ಅವಳು ಸಮಾಧಾನದ ಮಾತು ಬರೆದು, ಸಿಕ್ಕಿರುವ ಭಾಗಗಳನ್ನು ಹಾಗೇ, ಸದ್ದಿಲ್ಲದೆಯೇ, ನಮ್ಮ ಮನೆಯವರು ನೋಡಲಿ ಎಂದು ಕಳಿಸಿಕೊಟ್ಟಳು.

ಅಮ್ಮ ಈಗ ನನ್ನ ಜೊತೆ ಬನಶಂಕರಿಯಲ್ಲಿದ್ದಾರೆ. ದೊಡ್ಡಮ್ಮನ ಜೊತೆ ಒಂದೇ ಸೂರಿನಡಿ ಬಾಳಿದ ಓರಗಿತ್ತಿ, ಆ ಮನೆಯವರಲ್ಲಿ ಇನ್ನೂ ಉಳಿದಿರುವ ಹಿರಿಯರು ಅವರೊಬ್ಬರೇ. ಕಿವಿ ಪೂರ್ತಿ ಹೋಗಿದೆ. ಮಿಷನ್ ಹಾಕಿದರೆ ಗುಂಯ್ ಅನ್ನುತ್ತದೆ ಎಂದು ತೆಗೆದಿಟ್ಟಿದ್ದಾರೆ. ಮಾತಾಡುವವರ ಮುಖ ನೋಡಿಯೇ ಅರ್ಥ ಮಾಡಿಕೊಳ್ಳುತ್ತಾರೆ. ಸಂಜೆ ಬೆಳಕಿನಲ್ಲಿ ಅವರನ್ನು ಟಿವಿಯ ಮುಂದೆ ಕೂರಿಸಿ ಹಾಕಿದೆ. ಕಪ್ಪುಬಿಳುಪಿನ ಹೊಲ, ಆಚೆ ಉಕ್ಕಿದ ನದಿ. ಮನೆಯ ಕಟ್ಟೆಯ ಮೇಲೆ ಬಂದು ನಿಂತವಳು ನಮ್ಮ ದೊಡ್ಡಮ್ಮ. ನನ್ನ ಮಗಳಿಗಿಂತ ಚಿಕ್ಕವಳು. ಗಾಳಿಗೆ ಕೂದಲು ಹಾರುತ್ತಿದೆ. ಜಾಗ ಬಿಟ್ಟು ಬಾ ಎಂದು ಕರೆಯಲು ಬಂದವರಿಗೆ ಅವಳು ಏನೋ ಹೇಳುತ್ತಿದ್ದಾಳೆ, ಅವಸರವಿಲ್ಲದೆ, ಒಬ್ಬೊಬ್ಬರ ಮುಖವನ್ನೂ ನೋಡುತ್ತಾ. ಕೋಣೆಯಲ್ಲಿ ಫ್ಯಾನಿನ ಸದ್ದು ಬಿಟ್ಟರೆ ಏನೂ ಇಲ್ಲ. ನನಗೆ ಬಂದದ್ದು ಸಿಟ್ಟೋ ದುಃಖವೋ ಬೇರೆ ಮಾಡಲಾಗಲಿಲ್ಲ.

ಅಮ್ಮ ಮುಂದಕ್ಕೆ ಬಾಗಿ, ಕನ್ನಡಕ ಸರಿಮಾಡಿಕೊಂಡು, ಅವಳ ತುಟಿಯನ್ನೇ ನೋಡುತ್ತಿದ್ದರು. ದೃಶ್ಯ ಮುಗಿದ ಮೇಲೆ ನನ್ನ ಕೈ ಮೇಲೆ ಕೈಯಿಟ್ಟು, ಕಿವಿ ಕೇಳದವರು ಮಾತಾಡುವ ಆ ದೊಡ್ಡ ದನಿಯಲ್ಲಿ ಹೇಳಿದರು, "ಅಕ್ಕ ಎಷ್ಟ್ ಚೆನ್ನಾಗಿ ಮಾತಾಡ್ತಾರೆ ನೋಡೇ. ಇಂಗ್ಲಿಷು ನಂಗೆ ಅರ್ಥ ಆಗಲ್ಲ. ಆದ್ರೂ ಎಷ್ಟ್ ಚೆನ್ನಾಗಿ!"

ಅದರಲ್ಲಿ ಸದ್ದೇ ಇಲ್ಲ ಎಂದು ನಾನು ಹೇಳಲಿಲ್ಲ.

"ಹೂಂ ಅಮ್ಮ" ಎಂದೆ.

"ಇನ್ನೊಂದ್ ಸಲ ಹಾಕು" ಎಂದರು.